ಮೊದಲು ವಾಪಸ್ ಗಾಡಿ, ಆಮೇಲೆ ಊರು: ಹುಬ್ಬಳ್ಳಿ ಸುತ್ತ ಸೈಕಲ್ಲು ಮತ್ತು ರೈಲಿನ ತಿರುಗಾಟ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ರವಿವಾರದ ತಿರುಗಾಟದ ಮಾತು ಶುರುವಾಗುವುದೇ "ಎಲ್ಲಿಗೆ ಹೋಗೂಣು?" ಎಂಬಲ್ಲಿಂದ. ಕಾರಿನಲ್ಲಿ ಹೋಗುವವರಿಗೆ ಅದು ಸರಿ. ಒಂದಿಷ್ಟು ಜನ ಸೈಕಲ್ ಮೇಲೆ, ಉಳಿದವರು ರೈಲಿನಲ್ಲಿ ಹೋಗುವ ವಿಚಾರವಿದ್ದರೆ ಮೊದಲು ಕೇಳಬೇಕಾದದ್ದು "ಸಂಜೀಕ ಯಾವ ಗಾಡಿಗೆ ಬರೂದು?" ಎಂದು. ಸೈಕಲ್ಲಿನವರು ತಡವಾದಾರು, ಊಟ ತಡವಾದೀತು, ಗುಡಿಯೊಳಗೆ ಅತ್ತಿ ಒಂದು ತಾಸು ಹೆಚ್ಚು ಕೂತಾಳು. ಇವನ್ನೆಲ್ಲ ಹಿಂದೆಮುಂದೆ ಮಾಡಬಹುದು. ಸಣ್ಣ ನಿಲ್ದಾಣದಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿ ಮಾತ್ರ ಯಾರಿಗೂ ಕಾಯುವುದಿಲ್ಲ. ಅದು ಹೋದರೆ ಮುಂದಿನದು ಎಷ್ಟು ಹೊತ್ತಿಗೋ. ಹಾಗಾಗಿ ಗಾಡಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

ಇಲ್ಲಿ ಹೇಳುತ್ತಿರುವ ಪದ್ಧತಿ ಇಷ್ಟೇ. ಪೆಡಲ್ ತುಳಿಯುವ ತಾಕತ್ತು ಇದ್ದವರು ನಸುಕಿನಲ್ಲಿ ಸೈಕಲ್ ಹತ್ತಿ ಹೊರಡುತ್ತಾರೆ. ಅಜ್ಜಿ, ಸಣ್ಣ ಮಕ್ಕಳು, ಮೊಣಕಾಲು ನೋವಿನ ಕಾಕಾ ಬುತ್ತಿ ಗಂಟಿನ ಸಮೇತ ಬೆಳಗಿನ ರೈಲಿಗೆ ಬರುತ್ತಾರೆ. ಎರಡೂ ತಂಡ ಒಂದು ಊರಿನಲ್ಲಿ ಕೂಡಿ ಉಣ್ಣುತ್ತವೆ. ಮನೆಮಂದಿಯೆಲ್ಲ ಸೈಕಲ್ ತುಳಿಯಲಿ ಎಂದು ಹಟ ಹಿಡಿದರೆ ತಿರುಗಾಟವೇ ಆಗುವುದಿಲ್ಲ. ತುಳಿಯುವವರೂ ರೈಲಿನಲ್ಲೇ ಬರಲಿ ಎಂದರೆ ಅವರ ಮುಖ ಸಣ್ಣದಾಗುತ್ತದೆ.

ಲೆಕ್ಕ ಹಾಕುವ ಬಗೆ

ವಾಪಸ್ ಗಾಡಿ ಸಂಜೆ 5ಕ್ಕೆ ಎಂದು ಹಿಡಿಯಿರಿ. ವಯಸ್ಸಾದವರು ಇದ್ದರೆ 4:30ಕ್ಕೇ ನಿಲ್ದಾಣದಲ್ಲಿರಬೇಕು. ಉಂಡ ಮೇಲೆ ಮರದ ನೆರಳಿಗೆ ಅಡ್ಡಾದವರನ್ನು ಎಬ್ಬಿಸಿ, ಚಹಾ ಕುಡಿಸಿ ಹೊರಡಿಸಲು ಒಂದು ತಾಸು ಇಟ್ಟುಕೊಳ್ಳಿ. ಊಟ 1 ಗಂಟೆಗೆ. ಅದಕ್ಕೂ ಮೊದಲು ಗುಡಿಯನ್ನೋ ಕೆರೆಯನ್ನೋ ನೋಡಬೇಕೆಂದರೆ ಸೈಕಲ್ಲಿನವರು 11ರ ಒಳಗೆ ಅಲ್ಲಿ ಮುಟ್ಟಬೇಕು. ರೂಢಿ ಇದ್ದವರು ಸಪಾಟು ರಸ್ತೆಯಲ್ಲಿ ತಾಸಿಗೆ 15 ಕಿ.ಮೀ. ಹೋಗುತ್ತಾರೆ. ಹೊಸಬರಿದ್ದರೆ 12 ಎಂದೇ ಎಣಿಸಿ, ಚಹಾಕ್ಕೆ ಮತ್ತು ಪಂಕ್ಚರಿಗೆ ಒಂದು ತಾಸು ಸೇರಿಸಿ. 35 ಕಿ.ಮೀ. ದಾರಿಗೆ ಅಲ್ಲಿಗೆ ನಾಲ್ಕು ತಾಸಾಯಿತು. 6:30ಕ್ಕೆ ಮನೆ ಬಿಟ್ಟರೆ 10:30ಕ್ಕೆ ಮುಟ್ಟಿದಿರಿ, ಅರ್ಧ ತಾಸು ಕೈಯಲ್ಲಿ ಉಳಿಯಿತು.

ಗಾಡಿಯ ವೇಳೆಯನ್ನು ಹಿಂದಿನ ದಿನ ಸಂಜೆ ಮತ್ತೊಮ್ಮೆ ನೋಡಿ. ಫೋನಿನಲ್ಲಿ ನೋಡಬಹುದು, 139ಕ್ಕೆ ಕೇಳಬಹುದು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹಳಿ ಕೆಲಸವಿದ್ದಾಗ ಪ್ಯಾಸೆಂಜರ್ ಗಾಡಿಗಳನ್ನೇ ಮೊದಲು ರದ್ದು ಮಾಡುವುದುಂಟು. ಅದಕ್ಕಾಗಿಯೇ ಆ ಊರಿನಿಂದ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಟಿಕೆಟ್ಟಿನ ವಿಷಯದಲ್ಲಿ ಕೆಲವು ಮಾತು. ಜನರಲ್ ಡಬ್ಬಿಯ ಟಿಕೆಟ್, 199 ಕಿ.ಮೀ. ಒಳಗಿನ ದೂರಕ್ಕೆ, ತೆಗೆದ 3 ತಾಸಿನೊಳಗೆ ಅಥವಾ ಅದರ ನಂತರದ ಮೊದಲ ಗಾಡಿಗೆ ಹತ್ತಿದರೆ ಮಾತ್ರ ನಡೆಯುತ್ತದೆ. ಸಂಜೆಯ ಟಿಕೆಟ್ಟನ್ನು ಬೆಳಿಗ್ಗೆಯೇ ತೆಗೆದು ಜೇಬಿಗೆ ಹಾಕಿಕೊಂಡರೆ ಉಪಯೋಗವಿಲ್ಲ. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ದಂಡ ಬೀಳುತ್ತದೆ, "ಎರಡೂ ಅದಽ ಹಳಿ ಮ್ಯಾಲೆ ಹೋಗ್ತಾವಲ್ರೀ" ಎಂಬ ವಾದಕ್ಕೆ ಟಿಸಿ ಒಪ್ಪುವುದಿಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, 5ರಿಂದ 12ರ ಒಳಗಿನವರಿಗೆ ಅರ್ಧ.

ಹುಬ್ಬಳ್ಳಿ ನಿಲ್ದಾಣದಲ್ಲಿ ಅಜ್ಜಿಯನ್ನು ಕರೆದುಕೊಂಡು ಹತ್ತುವವರು ಪ್ಲಾಟ್‌ಫಾರ್ಮ್ ಸಂಖ್ಯೆ ಕೇಳಿಯೇ ಮುಂದಿನ ಹೆಜ್ಜೆ ಇಡಬೇಕು. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದನೆಯದು, 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಊರಿಗೆ ಹೆಮ್ಮೆಯ ಸಂಗತಿಯೇ. ಆದರೆ ಅದರ ಈ ತುದಿಯಲ್ಲಿ ನೀವಿದ್ದು ಆ ತುದಿಯಲ್ಲಿ ಗಾಡಿ ನಿಂತರೆ ಒಂದೂವರೆ ಕಿಲೋಮೀಟರ್ ನಡಿಗೆ. ನಿಲ್ದಾಣಕ್ಕೆ ಗದಗ ರಸ್ತೆಯ ಕಡೆಯಿಂದಲೂ ಬಾಗಿಲಿದೆ. ಆಟೋದವರಿಗೆ ಯಾವ ಬಾಗಿಲು ಎಂದು ಮೊದಲೇ ಹೇಳಿ.

ಸೈಕಲ್ ವಾಪಸ್ ತರುವುದು ಹೇಗೆ?

ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯ ಸೈಕಲ್ಲನ್ನು ಜನರಲ್ ಡಬ್ಬಿಯೊಳಗೆ ಹತ್ತಿಸಲು ಬರುವುದಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಪ್ರಯಾಣದ ಟಿಕೆಟ್ ತೋರಿಸಿ, ಲಗೇಜ್ ಎಂದು ಬುಕ್ ಮಾಡಿ, ರಸೀದಿ ಪಡೆದು, ಗಾರ್ಡ್ ಡಬ್ಬಿಯ ಪಕ್ಕದ ಲಗೇಜ್ ಜಾಗಕ್ಕೆ ಹಾಕಿಸಬೇಕು. ಗಾಡಿಗಿಂತ ಒಂದು ತಾಸು ಮೊದಲೇ ಹೋಗಿರಬೇಕು. ಹೆಸರು, ಹೊರಡುವ ನಿಲ್ದಾಣ, ಇಳಿಯುವ ನಿಲ್ದಾಣ ಬರೆದ ಚೀಟಿಯನ್ನು ಹ್ಯಾಂಡಲ್ಲಿಗೂ ಸೀಟಿನ ಕೆಳಗೂ ಕಟ್ಟಿ, ಗೇರ್ ಇರುವ ಸೈಕಲ್ ಆದರೆ ಹಿಂದಿನ ಚಕ್ರದ ಹತ್ತಿರ ಗೇರ್ ಬದಲಿಸುವ ಡಿರೇಲರ್ ಸುತ್ತ ಹಳೆಯ ಗೋಣಿತಟ್ಟು ಸುತ್ತಿ. ದೊಡ್ಡ ಜಂಕ್ಷನ್ನಿನಿಂದ ದೊಡ್ಡ ಜಂಕ್ಷನ್ನಿಗೆ, ದೂರದ ಊರಿಗೆ ಹೋಗುವಾಗ ಇದು ಸರಿಯಾದ ದಾರಿ. ಕೆಲವು ಪ್ಯಾಸೆಂಜರ್ ಗಾಡಿಗಳಿಗೆ ಲಗೇಜ್ ಡಬ್ಬಿಯೇ ಇರುವುದಿಲ್ಲ. ಇದ್ದರೂ ನಿಮಿಷ ಮಾತ್ರ ನಿಲ್ಲುವ ಸಣ್ಣ ನಿಲ್ದಾಣದಲ್ಲಿ ಇಳಿಸಿಕೊಳ್ಳುವುದು ಸುಲಭವಲ್ಲ. ಐವತ್ತು-ಅರವತ್ತು ಕಿಲೋಮೀಟರಿನ ತಿರುಗಾಟಕ್ಕೆ ಈ ಗೋಜು ಬೇಡ ಎಂಬುದೇ ನನ್ನ ಅಭಿಪ್ರಾಯ.

ಮಡಚುವ ಸೈಕಲ್ ಇದ್ದವರು ಚೀಲಕ್ಕೆ ಹಾಕಿ ಒಯ್ಯಬಹುದೆಂದು ಹೇಳುತ್ತಾರೆ. ಡಬ್ಬಿಯೊಳಗೆ ಒಯ್ಯುವ ಪೆಟ್ಟಿಗೆಗೆ ರೈಲ್ವೆ ಇಟ್ಟ ಮಿತಿ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ. ಮಡಚಿದ ಸೈಕಲ್ಲಿನ ದಪ್ಪ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಗದ್ದಲವಿಲ್ಲದ ಗಾಡಿಯಲ್ಲಿ ಯಾರೂ ಕೇಳದಿರಬಹುದು, ಹಬ್ಬದ ದಿನ ಕೇಳಿಯೇ ಕೇಳುತ್ತಾರೆ.

ಉಳಿದದ್ದು ಮೂರು ದಾರಿ. ಹೋಗುವಾಗ ತುಳಿದವರು ಬರುವಾಗಲೂ ತುಳಿಯುವುದು, ಇದು 20 ಕಿ.ಮೀ. ಒಳಗಿನ ಊರಿಗೆ ಸರಿ. ಎರಡನೆಯದು, ಆ ಊರಿನಿಂದ ಖಾಲಿ ತಿರುಗುವ ಟಂಟಂನವರನ್ನೋ ಗೂಡ್ಸ್ ಆಟೋದವರನ್ನೋ ಮಾತಾಡಿಸಿ ಸೈಕಲ್ ಹೇರಿ ಕಳಿಸುವುದು. ಮೂರನೆಯದು ನಮ್ಮ ಭಾಗಕ್ಕೇ ಹೇಳಿ ಮಾಡಿಸಿದ್ದು: ಬೀಗರ ಮನೆ. ಅಣ್ಣಿಗೇರಿಯಲ್ಲೋ ಗದಗಿನಲ್ಲೋ ಹಾವೇರಿಯಲ್ಲೋ ಒಬ್ಬ ಸಂಬಂಧಿಕರಾದರೂ ಇಲ್ಲದ ಹುಬ್ಬಳ್ಳಿ ಮನೆ ಸಿಗುವುದು ಕಷ್ಟ. ಸೈಕಲ್ಲನ್ನು ಅವರ ಪಡಸಾಲೆಯಲ್ಲಿ ಬಿಟ್ಟು ರೈಲಿಗೆ ಬನ್ನಿ, ಮುಂದಿನ ವಾರ ರೈಲಿಗೆ ಹೋಗಿ ತುಳಿಯುತ್ತ ಬನ್ನಿ. ಒಂದು ತಿರುಗಾಟ ಎರಡಾಯಿತು. "ಊಟಾ ಮಾಡದಽ ಹೋಗ್ತೀರೇನ್ರೀ ಮಾವಾ" ಎಂದು ತಡೆಯುವವರು ಅಲ್ಲಿ ಇದ್ದೇ ಇರುತ್ತಾರೆ, ಆದ್ದರಿಂದ ಆ ಒಂದು ತಾಸನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಗಾಳಿ, ಮಣ್ಣು, ಮುಳ್ಳು

ನಮ್ಮ ಬಯಲುಸೀಮೆಯಲ್ಲಿ ಏರಿಗಿಂತ ಗಾಳಿ ಹೆಚ್ಚು ದಣಿಸುತ್ತದೆ. ಗದಗ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಜೂನ್‌ನಿಂದ ಸಪ್ಟೆಂಬರ್ ತನಕ ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆಗ ಹುಬ್ಬಳ್ಳಿಯಿಂದ ಗದಗ ಕಡೆಗೆ ತುಳಿಯಬೇಕು, ರೈಲಿನಲ್ಲಿ ತಿರುಗಿ ಬರಬೇಕು. ಬೆನ್ನಿಗೆ ಗಾಳಿ ಇದ್ದರೆ ಹೊಸಬರೂ ಹಳಬರ ಹಾಗೆ ಓಡುತ್ತಾರೆ. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯದು, ಆಗ ಬೀಗರ ಮನೆಯಲ್ಲಿ ಬಿಟ್ಟ ಸೈಕಲ್ಲಿನ ಉಪಯೋಗ. ಎಲ್ಲರೂ ರೈಲಿನಲ್ಲಿ ಹೋಗಿ, ಗದಗ ಕಡೆಯಿಂದ ಹುಬ್ಬಳ್ಳಿಗೆ ತುಳಿಯಿರಿ. ಬೆಳಗಿನ ಹೊತ್ತು ಪಶ್ಚಿಮಕ್ಕೆ ತುಳಿಯುವಾಗ ಸೂರ್ಯನೂ ಬೆನ್ನಿಗಿರುತ್ತಾನೆ.

ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಮಕ್ಕಳ ಜೊತೆ ಮೊದಲ ಸಲ ಹೊರಡುವವರು ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಯೋಜನೆ ಹಾಕಿದರೆ ಕಾಲಿಗೆ ಹಗುರ. ಬೈಪಾಸ್ ರಸ್ತೆಗೆ ಮಾತ್ರ ಹೋಗಬೇಡಿ, ಅದು ಲಾರಿಗಳ ರಾಜ್ಯ.

ಮಣ್ಣಿನ ಮಾತು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರಿ ಭೂಮಿ. ಮಳೆ ಬಿದ್ದ ಎರಿ ಹೊಲದ ದಾರಿಗೆ ಸೈಕಲ್ ಇಳಿಸಿದಿರೋ ನಾಲ್ಕು ಮಾರು ಹೋಗುವುದರೊಳಗೆ ಮಡ್‌ಗಾರ್ಡಿನಲ್ಲಿ ಮಣ್ಣು ತುಂಬಿ ಚಕ್ರ ಹಿಡಿದುಬಿಡುತ್ತದೆ. ಆಮೇಲೆ ಸೈಕಲ್ ನಿಮ್ಮನ್ನು ಒಯ್ಯುವುದಿಲ್ಲ, ನೀವೇ ಸೈಕಲ್ ಹೊರಬೇಕು. ಮಳೆಗಾಲದಲ್ಲಿ ಡಾಂಬರು ಬಿಟ್ಟು ಇಳಿಯಲೇಬೇಡಿ. ಧಾರವಾಡದಿಂದ ಪಶ್ಚಿಮಕ್ಕೆ ಮಸಾರಿ ಮಣ್ಣು, ಅಲ್ಲಿ ಇಷ್ಟು ಕಾಟವಿಲ್ಲ. ಬೇಸಗೆಯಲ್ಲಿ ಜಾಲಿ ಮುಳ್ಳಿನ ಕಾಟ. ನೆರಳು ಕಂಡಿತೆಂದು ರಸ್ತೆ ಬದಿಯ ಜಾಲಿ ಗಿಡದ ಬುಡಕ್ಕೆ ಸೈಕಲ್ ಒಯ್ದರೆ ಎರಡೂ ಚಕ್ರ ಪಂಕ್ಚರ್. ಬೇವಿನ ಗಿಡ ಹುಡುಕಿ. ಸುಗ್ಗಿಯಲ್ಲಿ ರೈತರು ಡಾಂಬರಿನ ಮೇಲೆಯೇ ಒಕ್ಕಲು ಹಾಕಿರುತ್ತಾರೆ. ಒಣಗಿದ ಹೊಟ್ಟು ಮತ್ತು ಕಾಳಿನ ಮೇಲೆ ಬ್ರೇಕ್ ಹಿಡಿಯುವಂತಿಲ್ಲ, ಇಳಿದು ತಳ್ಳಿಕೊಂಡು ಹೋಗುವುದೇ ಕ್ಷೇಮ.

ಪ್ರತಿ ಸೈಕಲ್ಲಿಗೂ ಒಂದು ಹೆಚ್ಚಿನ ಟ್ಯೂಬ್ ಇರಲಿ. ಇಡೀ ತಂಡಕ್ಕೆ ಒಂದು ಕೈಪಂಪು, ಪಂಕ್ಚರ್ ತಿದ್ದುವ ಸಾಮಾನು, ಪಾನಾ, ಟೈರ್ ಎಬ್ಬಿಸುವ ಪಟ್ಟಿ ಸಾಕು. ಹಿಂದೆ ಕೆಂಪು ದೀಪ ಕಡ್ಡಾಯ, ಮಧ್ಯಾಹ್ನವೇ ಮರಳುತ್ತೇವೆ ಎಂದು ಹೊರಟವರಿಗೂ. ಸಾಲಿನ ಮುಂದೆ ಎಲ್ಲರಿಗಿಂತ ನಿಧಾನ ತುಳಿಯುವವರನ್ನು ಬಿಡಿ. ಗಟ್ಟಿ ಆಳು ಹಿಂದೆ ಇರಲಿ, ಪಾನಾ ಮತ್ತು ಪಂಪು ಅವನ ಹತ್ತಿರವೇ ಇರಲಿ.

ಬುತ್ತಿ

ಬುತ್ತಿ ರೈಲಿನಲ್ಲಿ ಬರಬೇಕು, ಸೈಕಲ್ ಮೇಲಲ್ಲ. ಖಡಕ್ ರೊಟ್ಟಿ ಎಷ್ಟು ದಿನವಾದರೂ ಕೆಡುವುದಿಲ್ಲ ನಿಜ, ಆದರೆ ಕ್ಯಾರಿಯರ್ ಮೇಲೆ 35 ಕಿ.ಮೀ. ಬಂದ ಖಡಕ್ ರೊಟ್ಟಿಯನ್ನು ಚಮಚೆಯಲ್ಲಿ ತಿನ್ನಬೇಕಾಗುತ್ತದೆ. ಮೆತ್ತನೆಯ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿ ತನ್ನಿ. ಜೊತೆಗೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸವತಿಕಾಯಿ. ಅನ್ನ ಬೇಕೇಬೇಕು ಎನ್ನುವವರಿಗೆ ಮೊಸರನ್ನ. ಸಾರು, ತೆಳ್ಳನೆಯ ಪಲ್ಲೆ ತರಬೇಡಿ, ಡಬ್ಬಿಯ ಎಣ್ಣೆ ಮೇಲಿನ ಬರ್ತಿನಿಂದ ಯಾರದೋ ಧೋತರದ ಮೇಲೆ ಇಳಿದರೆ ಇಳಿಯುವ ತನಕ ಬೈಗುಳ.

ಸೈಕಲ್ಲಿನವರ ಜೇಬಿನಲ್ಲಿ ಶೇಂಗಾ, ಬೆಲ್ಲ, ಬಾಳೆಹಣ್ಣು ಸಾಕು. ನೀರಿಗೆ ಲಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿ ಒಯ್ಯಿರಿ. ಡಿಸೆಂಬರ್-ಜನವರಿಯಲ್ಲಿ ಹೊರಟರೆ ದಾರಿಯುದ್ದಕ್ಕೂ ಕಡ್ಲಿ ಸುಲಗಾಯಿ, ಅದೃಷ್ಟವಿದ್ದರೆ ಯಾವುದೋ ಹೊಲದಲ್ಲಿ ಸೀತನಿ, ಅಂದರೆ ಸುಟ್ಟ ಎಳೆ ಜೋಳ. ಕೇಳದೆ ಕೈ ಹಾಕಬೇಡಿ. ಕೇಳಿದರೆ ಒಂದು ಹಿಡಿ ಬೇಡಿದವರಿಗೆ ಉಡಿ ತುಂಬ ಕೊಡುತ್ತಾರೆ.

ಮೊದಲ ಸಲಕ್ಕೆ: ಕುಂದಗೋಳ

ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ಹಾವೇರಿ ಕಡೆಯ ರೈಲು ಹಳಿಯ ಮೇಲೇ ಇರುವ ಊರು. ಸೈಕಲ್ಲಿನವರು ಎರಡು ತಾಸಿನಲ್ಲಿ ಮುಟ್ಟುತ್ತಾರೆ, ರೈಲಿನವರು ಚುರಮುರಿ ಪೊಟ್ಟಣ ಮುಗಿಸುವುದರೊಳಗೆ. ಶಂಭುಲಿಂಗನ ಗುಡಿ ವಿಶಾಲವಾಗಿದೆ, ತಂಪಾಗಿದೆ, ಮಕ್ಕಳು ಕಂಬ ಸುತ್ತಿ ಆಡಲಿಕ್ಕೆ ಜಾಗವಿದೆ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರು ಸಂಗೀತ ಪಾಠ ಹೇಳಿದ ಊರಿದು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಇದೇ ಹಳಿಯ ಮೇಲೆ ರೈಲಿನಲ್ಲಿ ಓಡಾಡಿ ಗುರುಗಳ ಹತ್ತಿರ ಕಲಿತರು. ನಿಲ್ದಾಣದಿಂದ ಊರೊಳಗೆ ನಡೆದು ಹೋಗುವಾಗ ಜನ ಆಡಿದ ಕುಹಕದ ಮಾತು ಕೇಳಿಸಿಕೊಂಡೂ ಕಲಿಯುವುದನ್ನು ಬಿಡಲಿಲ್ಲ. ಭೀಮಸೇನ ಜೋಶಿ ಕಲಿತದ್ದೂ ಇಲ್ಲೇ. ಅವರು ಹುಡುಗರಿದ್ದಾಗ ಗುರುವನ್ನು ಹುಡುಕಿ ಮನೆಬಿಟ್ಟು, ಟಿಕೆಟ್ಟಿಲ್ಲದೆ ರೈಲು ಹತ್ತಿ, ಹಾಡಿ ಜನರನ್ನು ಒಲಿಸಿಕೊಳ್ಳುತ್ತ ಹೋದ ಕಥೆ ನಿಮಗೆ ಗೊತ್ತಿರಬೇಕು. ನೀವು ಟಿಕೆಟ್ ತೆಗೆಯಿರಿ. ಸವಾಯಿ ಗಂಧರ್ವರಿಗೆ ಆಶ್ರಯ ಕೊಟ್ಟಿದ್ದ ನಾಡಿಗೇರ ವಾಡೆ ನೋಡಬೇಕೆಂದರೆ ಅದು ಮನೆತನದ ಮನೆ, ಕೇಳಿ ಒಳಗೆ ಹೋಗಿ.

ಇಲ್ಲಿ ಸೈಕಲ್ ಸಮಸ್ಯೆಯೇ ಇಲ್ಲ, ತುಳಿದವರು ಊಟವಾದ ಮೇಲೆ ಬಿಸಿಲು ಇಳಿಸಿಕೊಂಡು ತುಳಿಯುತ್ತಲೇ ಬರಬಹುದು. ಮೊದಲ ಸಲ ಯಾರಿಗೆ ಎಷ್ಟು ತಾಕತ್ತಿದೆ ಎಂಬುದೂ ಗೊತ್ತಾಗುತ್ತದೆ.

ಅಣ್ಣಿಗೇರಿ, ಮುಂದೆ ಗದಗ

ಈ ಭಾಗದ ಅತ್ಯುತ್ತಮ ದಾರಿ ಯಾವುದು ಎಂದರೆ ನಾನು ಇದನ್ನೇ ಹೇಳುವುದು. ಹಳಿ ಮತ್ತು ರಸ್ತೆ ಹೆಚ್ಚುಕಡಿಮೆ ಜೊತೆಜೊತೆಗೇ ಹೋಗುತ್ತವೆ: ಕುಸುಗಲ್, ಹೆಬಸೂರು, ಶಿಶುವಿನಹಳ್ಳಿ, ಅಣ್ಣಿಗೇರಿ, ಹುಲಕೋಟಿ, ಬಿಂಕದಕಟ್ಟಿ, ಗದಗ. ಸೈಕಲ್ಲಿನವರಿಗೆ ಇದರ ಲಾಭ ದೊಡ್ಡದು. ಯಾರಿಗಾದರೂ ಸುಸ್ತಾದರೆ ಹತ್ತಿರದ ನಿಲ್ದಾಣಕ್ಕೆ ಬಿಟ್ಟು ಗಾಡಿಗೆ ಹತ್ತಿಸಬಹುದು, ಸೈಕಲ್ಲನ್ನು ಊರವರ ಹತ್ತಿರ ಇಡಬಹುದು. ಎಕ್ಸ್‌ಪ್ರೆಸ್‌ಗಳು ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ ಎಂಬುದು ನೆನಪಿರಲಿ.

ಅಣ್ಣಿಗೇರಿ ಹುಬ್ಬಳ್ಳಿಯಿಂದ ಸುಮಾರು 35 ಕಿ.ಮೀ. ಕೂಡಿ ಉಣ್ಣುವ ಜಾಗ ಇದೇ ಆಗಲಿ. ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿಯನ್ನು ನೋಡಿ. ಆದಿಕವಿ ಪಂಪನ ಊರೆಂದು ಅಣ್ಣಿಗೇರಿಗೆ ಹೆಸರು. ಗದುಗಿನ ವೀರನಾರಾಯಣನ ಅಂಕಿತದಲ್ಲಿ ಭಾರತ ಬರೆದ ಕುಮಾರವ್ಯಾಸನ ಊರು ಕೋಳಿವಾಡವೂ ದೂರವಲ್ಲ, ಹುಬ್ಬಳ್ಳಿ ತಾಲ್ಲೂಕಿನಲ್ಲಿದೆ. ಕನ್ನಡದಲ್ಲಿ ಭಾರತ ಹೇಳಿದ ಇಬ್ಬರು ದೊಡ್ಡ ಕವಿಗಳು, ಒಂದು ದಿನದ ಸೈಕಲ್ ದಾರಿಯೊಳಗೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಮಾತನ್ನು ಹೇಳಿ, ಪರೀಕ್ಷೆಗಾದರೂ ಉಪಯೋಗಕ್ಕೆ ಬಂದೀತು.

ಇನ್ನೂ ಉಮೇದಿ ಇದ್ದವರು ಗದಗಿನ ತನಕ ಸುಮಾರು 22 ಕಿ.ಮೀ. ತುಳಿಯಲಿ, ಉಳಿದವರು ಮುಂದಿನ ಗಾಡಿಗೆ ಹತ್ತಲಿ. ಹೀಗೆ ಮಾಡಿದರೆ ಅಣ್ಣಿಗೇರಿಯ ಊಟ ಮುಂಚೆಯೇ, 11ಕ್ಕೆ ಆಗಬೇಕು. ಮಕ್ಕಳಿಗೆ ಬಿಂಕದಕಟ್ಟಿಯಲ್ಲಿ ಪ್ರಾಣಿ ಸಂಗ್ರಹಾಲಯವಿದೆ, ಗದಗ ಮುಟ್ಟುವ ಮೊದಲೇ ಸಿಗುತ್ತದೆ. ಗದಗಿನಲ್ಲಿ ತ್ರಿಕೂಟೇಶ್ವರ ಮತ್ತು ವೀರನಾರಾಯಣ ಎರಡೂ ಗುಡಿ ಊರೊಳಗೇ ಇವೆ. ತ್ರಿಕೂಟೇಶ್ವರದ ಆವರಣದ ಸರಸ್ವತಿ ಗುಡಿಯ ಕಂಬಗಳ ಕೆತ್ತನೆಗೆ ಅರ್ಧ ತಾಸಾದರೂ ಕೊಡಿ. ಗಾಡಿಗೆ ಹತ್ತುವ ಮೊದಲು ಬದನೆಕಾಯಿ ಭಜಿ ತಿನ್ನದೆ ಬಂದರೆ ಗದಗಿಗೆ ಹೋಗಿದ್ದೆವೆಂದು ಹೇಳಿದರೂ ಯಾರೂ ನಂಬುವುದಿಲ್ಲ.

ಲಕ್ಕುಂಡಿ ಇನ್ನೂ ಪೂರ್ವಕ್ಕೆ 12 ಕಿ.ಮೀ. ದೂರ. ಅದನ್ನು ಇದೇ ದಿನಕ್ಕೆ ತುರುಕಬೇಡಿ. ಕಾಶಿವಿಶ್ವೇಶ್ವರ, 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ, ಮುಸುಕಿನ ಬಾವಿ ಇವೆಲ್ಲ ಬೇರೆಯೇ ಒಂದು ದಿನ ಬೇಡುತ್ತವೆ. ಗದಗಿನ ಬೀಗರ ಮನೆಯಲ್ಲಿ ರಾತ್ರಿ ಉಳಿದು ನಸುಕಿನಲ್ಲಿ ತುಳಿದರೆ ಬಿಸಿಲೇರುವುದರೊಳಗೆ ನೋಡಿ ಮುಗಿಸಬಹುದು. ನವೆಂಬರ್‌ನಿಂದ ಫೆಬ್ರುವರಿ ತನಕ ಇನ್ನೊಂದು ಆಸೆ ಇದೆ: ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಗದಗಿನಿಂದ ಲಕ್ಷ್ಮೇಶ್ವರ ರಸ್ತೆಯಲ್ಲಿ ಸುಮಾರು 26 ಕಿ.ಮೀ., ರೈಲಿಲ್ಲ. ದಡದಲ್ಲಿ ಗದ್ದಲ ಮಾಡುವ ಹುಡುಗರನ್ನು ಕರೆದೊಯ್ಯುವಂತಿದ್ದರೆ ಹೋಗಲೇಬೇಡಿ.

ಪಶ್ಚಿಮಕ್ಕೂ ದಕ್ಷಿಣಕ್ಕೂ

ಧಾರವಾಡದಿಂದ ಅಳ್ನಾವರ ಕಡೆಗೆ ಕ್ಯಾರಕೊಪ್ಪ, ಮುಗದ, ಕಂಬಾರಗಣವಿ ನಿಲ್ದಾಣಗಳು. ಜೋಳದ ಸೀಮೆ ಮುಗಿದು ಭತ್ತದ ಸೀಮೆ ಶುರುವಾಗುವುದು ಕಿಟಕಿಯಿಂದಲೇ ಕಾಣುತ್ತದೆ. ಭತ್ತದ ಸಂಶೋಧನಾ ಕೇಂದ್ರವನ್ನು ಮುಗದದಲ್ಲೇ ಇಟ್ಟಿದ್ದಾರೆ. ರಸ್ತೆಯಲ್ಲಿ ಏರಿಳಿತ ಇದೆ, ನೆರಳೂ ಇದೆ. ಮಳೆಗಾಲದಲ್ಲಿ ಎದುರು ಗಾಳಿ ಹೊಡೆಯುವುದರಿಂದ ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಮೊದಲೇ ಕಳಿಸಿ, ರೈಲಿನಲ್ಲಿ ಹೋಗಿ ಧಾರವಾಡದ ಕಡೆಗೆ ತುಳಿಯುವುದೇ ಒಳ್ಳೆಯದು. ಕೊನೆಗೆ ಲೈನ್ ಬಜಾರಿನಲ್ಲಿ ಫೇಡೆ ಕೊಳ್ಳುವ ಜವಾಬ್ದಾರಿಯನ್ನು ರೈಲಿನ ತಂಡಕ್ಕೆ ಒಪ್ಪಿಸಿ.

ಹಾವೇರಿಗೆ ಎಲ್ಲರೂ ರೈಲಿನಲ್ಲೇ ಹೋಗಿ. ಹೆದ್ದಾರಿಯಲ್ಲಿ ಸೈಕಲ್ ತುಳಿಯುವುದರಲ್ಲಿ ಸುಖವಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಸಿದ್ಧೇಶ್ವರ ಗುಡಿ ಊರಲ್ಲೇ ಇದೆ, ಏಲಕ್ಕಿ ಹಾರ ಮಾಡುವವರೂ ಅಲ್ಲೇ ಸಿಗುತ್ತಾರೆ. ಬಂಕಾಪುರದ ಕೋಟೆಯೊಳಗಿನ ನವಿಲುಧಾಮ, ಸವಣೂರಿನ ದೊಡ್ಡ ಹುಣಸೆ ಮರಗಳು ನೋಡಬೇಕಾದವೇ. ಹುಣಸೆ ಎಂದು ಕರೆದರೂ ಅವು ಆಫ್ರಿಕಾ ಮೂಲದ ಬಾವೋಬಾಬ್. ಎರಡೂ ಊರು ಹಳಿಯಿಂದ ದೂರ, ಹಾವೇರಿಯಿಂದ ಬಸ್ಸು ಹಿಡಿಯಬೇಕು. ಸವಣೂರಿಗೆ ಹೋದವರು ಖಾರಾ ಕಟ್ಟಿಸಿಕೊಳ್ಳುವಾಗ ರೈಲಿನಲ್ಲಿ ತಿನ್ನಲಿಕ್ಕೆ ಒಂದು, ಮನೆಗೆ ಒಂದು ಎಂದು ಎರಡು ಪೊಟ್ಟಣ ಹೇಳಿ. ಒಂದೇ ಆದರೆ ಕುಂದಗೋಳ ದಾಟುವುದರೊಳಗೆ ಖಾಲಿ.